ಒಂದು ಸುತ್ತು ಕಡಿಮೆ

ಹೆದರುವುದನ್ನು ನನಗೆ ಕಲಿಸಿದ್ದು ಸೈನ್ಯ. ನಮ್ಮ ಓಣಿಯವರು ಸೈನ್ಯ ನನಗೆ ಧೈರ್ಯ ಕಲಿಸಿದೆ ಎಂದು ತಿಳಿದಿದ್ದಾರೆ. ಮೀಸೆ ನೋಡಿ, ಬೆಳಿಗ್ಗೆ ಐದಕ್ಕೆ ಎದ್ದು ಬಿರಬಿರನೆ ನಡೆಯುವುದನ್ನು ನೋಡಿ ಹಾಗೆ ಅಂದುಕೊಂಡಿರಬೇಕು. ತಿದ್ದಲು ನಾನೂ ಹೋಗಿಲ್ಲ. ಗಣಪತಿ ಮಂಡಳದವರು ಆ ಒಂದು ಕಾರಣಕ್ಕೆ ನನ್ನ ಮನೆಯ ಮುಂದೆ ಸ್ಪೀಕರ್ ಇಡುವುದಿಲ್ಲ, ಅಷ್ಟು ಲಾಭ ಯಾಕೆ ಬಿಡಬೇಕು. ಆದರೆ ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ನಾನು ಗುಂಡಿಗೆ ಹೆದರಿದ್ದು ಕಡಿಮೆ. ಹೆದರಿದ್ದು ಒಂದು ತರಬೇತಿಯಲ್ಲಿ.

ಪಲ್ಟಣಿಗೆ ಸೇರಿದ ಎಂಟನೆಯ ವರ್ಷ ಅಣುಬಾಂಬು ಬಿದ್ದರೆ ಸಿಪಾಯಿ ಏನು ಮಾಡಬೇಕು ಎಂಬ ಕೋರ್ಸಿಗೆ ನನ್ನನ್ನು ಕಳಿಸಿದರು. ಮೇ ತಿಂಗಳ ಬಿಸಿಲಿನಲ್ಲಿ ಇದ್ದಿಲಿನ ಅಸ್ತರಿದ್ದ ದಪ್ಪ ಉಡುಪು, ಮುಖಕ್ಕೆ ರಬ್ಬರಿನ ಮುಸುಕು, ಕಾಲಿಗೆ ಬೂಟಿನ ಮೇಲೊಂದು ಬೂಟು. ಅದನ್ನು ತೊಟ್ಟು ಓಡಬೇಕು, ಮಲಗಬೇಕು, ಗುಂಡು ಹೊಡೆಯಬೇಕು. ನಮಗೆ ಕಲಿಸುವವನನ್ನು ಉಸ್ತಾದ ಎನ್ನುತ್ತಿದ್ದೆವು. ಉಸ್ತಾದ ಮೈದಾನದಲ್ಲಿ ಎಲ್ಲೋ ಒಂದು ಕಡೆ ಸಣ್ಣ ವಿಕಿರಣದ ತುಣುಕು ಹುಗಿದಿಡುತ್ತಿದ್ದ. ನಾವು ಮೀಟರ್ ಹಿಡಿದು ಹುಡುಕಬೇಕು. ಹುಲ್ಲು ಹುಲ್ಲಿನಂತೆಯೇ ಇರುತ್ತಿತ್ತು, ಮೇಲೆ ಗಿಡುಗ ಹಾರುತ್ತಿತ್ತು, ನಮ್ಮ ಕೈಯಲ್ಲಿನ ಮೀಟರ್ ಮಾತ್ರ ಹುರಿಯುವ ಸಾಸಿವೆಯ ಹಾಗೆ ಸಿಡಿಯತೊಡಗುತ್ತಿತ್ತು. ಕಣ್ಣಿಗೆ ಕಾಣದ, ಮೂಗಿಗೆ ಬಾರದ ಒಂದು ಸಂಗತಿ ನನ್ನ ಮೈಯೊಳಗೆ ಹಾದುಹೋಗುತ್ತಿದೆ ಎಂದು ಆ ಸದ್ದು ಹೇಳಿದಾಗ ಮುಸುಕಿನೊಳಗೆ ನನ್ನ ಉಸಿರು ನನಗೇ ಕೇಳಿಸುತ್ತಿತ್ತು. ಆ ದಿನಗಳ ಹೆದರಿಕೆ ನನ್ನನ್ನು ಬಿಟ್ಟು ಹೋಗಲೇ ಇಲ್ಲ.

ಹೆದರಿದವರನ್ನು ಹೇಗೆ ನಡೆಸಬೇಕು ಎಂಬುದು ಉಸ್ತಾದನಿಗೆ ಚೆನ್ನಾಗಿ ಗೊತ್ತಿತ್ತು. "ಮಶೀನ್ ಧೋಖಾ ದೇಗಾ, ಡ್ರಿಲ್ ನಹೀ ದೇಗಾ" ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದ. ಯಂತ್ರ ಮೋಸ ಮಾಡೀತು, ಕವಾಯತು ಮಾಡದು. ಮುಸುಕು ಹಾಕುವುದಕ್ಕೂ ಎಣಿಕೆ, ಉಡುಪು ಬಿಚ್ಚುವುದಕ್ಕೂ ಎಣಿಕೆ. ಬಾಯಿ ಎಣಿಸುತ್ತಿದ್ದರೆ ಮನಸ್ಸಿಗೆ ನಡುಗಲು ಪುರಸೊತ್ತು ಸಿಗುವುದಿಲ್ಲ. ವಾಕಿಟಾಕಿಯಲ್ಲಿ ವರದಿ ಕೊಡುವಾಗ ಕೇಳಿದ್ದಕ್ಕಷ್ಟೇ ಉತ್ತರ. ಹೆಚ್ಚಿಗೆ ಒಂದು ಮಾತಾಡಿದರೂ ಹತ್ತು ದಂಡ ಹೊಡೆಸುತ್ತಿದ್ದ. ಯುದ್ಧಭೂಮಿಯಲ್ಲಿ ಯಾರಿಗೆ ಎಷ್ಟು ವಿಕಿರಣ ತಾಗಿದೆ ಎಂದು ತಿಳಿಯಲು ಡಾಕ್ಟರನ್ನು ಎಲ್ಲಿಂದ ತರುವುದು? ಅದಕ್ಕೂ ಅವನ ಬಳಿ ಸರಳ ಲೆಕ್ಕವಿತ್ತು. ಗಡಿಯಾರ ಹಿಡಿದು ಕೂಡಿ. ಗಂಟೆಯೊಳಗೆ ವಾಂತಿ ಮಾಡಿಕೊಂಡವನನ್ನು ಹಿಂದಕ್ಕೆ ಸಾಗಿಸಿ. ಸಂಜೆಯವರೆಗೂ ವಾಂತಿ ಮಾಡದವನು ಡ್ಯೂಟಿಗೆ.

ಈ ಪಾಠಗಳನ್ನು ಗಂಟು ಕಟ್ಟಿಕೊಂಡು ನಾನು ನಿವೃತ್ತನಾಗಿ ಬೆಳಗಾವಿಗೆ ಬಂದೆ.

ಉದ್ಯಮಬಾಗದಲ್ಲಿ ಒಬ್ಬ ಮಾಲಕರು ಎರಕದ ಸಾಮಾನುಗಳನ್ನು ಪರೀಕ್ಷೆ ಮಾಡಿಕೊಡುವ ಚಿಕ್ಕ ಕಾರ್ಖಾನೆ ಇಟ್ಟಿದ್ದರು. ಸುತ್ತಲಿನ ಫೌಂಡ್ರಿಗಳಿಂದ ವಾಲ್ವು, ಪಂಪಿನ ಕವಚ ಅಲ್ಲಿಗೆ ಬರುತ್ತವೆ. ಒಳಗೆ ಬಿರುಕೋ ಗಾಳಿಗುಳ್ಳೆಯೋ ಇದೆಯೇ ಎಂದು ಹೊರಗಿನಿಂದ ತಿಳಿಯದು. ಎಕ್ಸ್‌ರೇ ತೆಗೆದ ಹಾಗೆ ಅವುಗಳ ಫೋಟೋ ತೆಗೆಯಬೇಕು. ಅದಕ್ಕೆ ಬಳಸುವುದು ಮೆಂತ್ಯದ ಕಾಳಿನಷ್ಟು ಒಂದು ಲೋಹದ ತುಣುಕು, ಅದರ ವಿಕಿರಣ. ಆ ಕಾಳು ಸದಾ ಒಂದು ಭಾರವಾದ ಪೆಟ್ಟಿಗೆಯೊಳಗೆ ಇರುತ್ತದೆ. ಪೆಟ್ಟಿಗೆಗೆ ಕ್ಯಾಮೆರಾ ಎನ್ನುತ್ತಾರೆ. ಗೋಡೆಯಾಚೆ ನಿಂತು ಹಿಡಿಕೆ ತಿರುಗಿಸಿದರೆ ತಂತಿಯ ತುದಿಯಲ್ಲಿರುವ ಕಾಳು ಪೆಟ್ಟಿಗೆಯಿಂದ ಹೊರಟು ಒಂದು ನಳಿಕೆಯೊಳಗೆ ಸಾಗಿ ಎರಕದ ಮುಂದೆ ಹೋಗಿ ನಿಲ್ಲುತ್ತದೆ. ಫೋಟೋ ಆದ ಮೇಲೆ ಹಿಡಿಕೆಯನ್ನು ಉಲ್ಟಾ ತಿರುಗಿಸಿ ಅದನ್ನು ಮರಳಿ ಪೆಟ್ಟಿಗೆಗೆ ಸೇರಿಸಬೇಕು. ಈ ಕೆಲಸ ನಡೆಯುವ ದಪ್ಪ ಕಾಂಕ್ರೀಟು ಗೋಡೆಯ ಕೋಣೆಗೆ ಬಂಕರ್ ಎಂದು ಹೆಸರಿಟ್ಟವನು ನಾನೇ.

ಸೈನ್ಯದಲ್ಲಿ ಅಣುವಿನ ತರಬೇತಿ ಆದವನು ಎಂದು ಮಾಲಕರು ನನ್ನನ್ನು ಕರೆದು ಕೆಲಸ ಕೊಟ್ಟರು. ಮುಂಬೈಗೆ ಹೋಗಿ ಸುರಕ್ಷತಾ ಅಧಿಕಾರಿಯ ಕೋರ್ಸು ಮುಗಿಸಿ, ಪರೀಕ್ಷೆ ಪಾಸಾಗಿ ಬಂದೆ. ಅಲ್ಲಿ ಸುಟ್ಟ ಕೈಗಳ ಫೋಟೋ ತೋರಿಸಿದ್ದರು. ನೋಡಿದೆ, ಬರೆದುಕೊಂಡೆ, ಉತ್ತರಪತ್ರಿಕೆಯಲ್ಲೂ ಬರೆದೆ. ಮೂವತ್ತರ ಒಳಗೆ ಕಲಿತದ್ದು ರಕ್ತಕ್ಕೆ ಇಳಿಯುತ್ತದೆ, ನಲವತ್ತರ ಮೇಲೆ ಕಲಿತದ್ದು ವಹಿಯಲ್ಲೇ ಉಳಿಯುತ್ತದೆ ಎಂದು ಆಗ ನನಗೆ ಗೊತ್ತಿರಲಿಲ್ಲ.

ನನ್ನ ಕೈಕೆಳಗಿದ್ದ ಮುಖ್ಯ ಆಪರೇಟರ್ ಖಾನಾಪುರದವನು. ಮೂವತ್ತೈದರ ಆಸುಪಾಸು, ಮಾತು ಕಡಿಮೆ. ಕುಂಬಾರರ ಮನೆತನ, ಮನೆಯಲ್ಲಿ ಮರಾಠಿ, ನಮ್ಮ ಜೊತೆ ಕನ್ನಡ. ದಿನಾ ಬೆಳಿಗ್ಗೆ ರೈಲಿಗೆ ಬಂದು ಅಲ್ಲಿಂದ ಬಸ್ಸು ಹಿಡಿಯುತ್ತಿದ್ದ. ತಿರುಗಣಿಯ ಕೆಲಸ ಅವನ ಅಪ್ಪನ ಕಾಲಕ್ಕೇ ನಿಂತಿದ್ದರೂ ವರ್ಷಕ್ಕೊಮ್ಮೆ ಶ್ರಾವಣದಲ್ಲಿ ರಜೆ ಹಾಕಿ ಊರ ಮಣ್ಣಿನಿಂದ ಗೇಣುದ್ದದ ಗಣಪತಿಗಳನ್ನು ಮಾಡುತ್ತಿದ್ದ. ಅಚ್ಚು ಇಲ್ಲ, ಬರೀ ಬೆರಳು. ನಮ್ಮ ಮನೆಗೂ ಅವನದೇ ಗಣಪತಿ ಬರುತ್ತಿತ್ತು. ಎರಕದ ಗೋಡೆಯ ಮೇಲೆ ಬೆರಳಾಡಿಸಿ "ಇಲ್ಲೆ ತೆಳ್ಳಗ ಐತ್ರಿ ಸಾಹೇಬ್ರ" ಎನ್ನುತ್ತಿದ್ದ, ಫೋಟೋ ತೊಳೆದು ನೋಡಿದರೆ ಹೌದೇ ಆಗಿರುತ್ತಿತ್ತು.

ಇಂಥವನಿಗೆ ನಾನು ಎಣಿಕೆ ಕಲಿಸಿದೆ. ಮೊದಲೆಲ್ಲ ಅವನು ಹಿಡಿಕೆಯನ್ನು ಪೆಟ್ಟಿಗೆಯ ಬೀಗ 'ಟಕ್' ಅನ್ನುವವರೆಗೂ ತಿರುಗಿಸುತ್ತಿದ್ದ, ಆಮೇಲೆ ಮೀಟರ್ ಮುಂದೆ ಹಿಡಿದು ಒಳಗೆ ಹೋಗುತ್ತಿದ್ದ. ಹಾಗೆ ರಪ್ಪನೆ ಬಡಿಸಿದರೆ ಹಲ್ಲುಚಕ್ರ ಸವೆಯುತ್ತದೆ ಎಂದು ನಾನು ಬೈದೆ. ಹೋಗಲು ಇಪ್ಪತ್ತೆಂಟು ಸುತ್ತು, ಬರಲು ಇಪ್ಪತ್ತೆಂಟು. ಗಟ್ಟಿಯಾಗಿ ಎಣಿಸಬೇಕು, ಎಣಿಕೆ ಮುಗಿದಲ್ಲಿ ಕೈ ನಿಲ್ಲಬೇಕು. ವರದಿ ಕೊಡುವಾಗ ಕೈ ಬೆನ್ನ ಹಿಂದೆ ಕಟ್ಟಿ ನೆಟ್ಟಗೆ ನಿಲ್ಲಬೇಕು, ಕೇಳಿದ್ದಕ್ಕಷ್ಟೇ ಹೇಳಬೇಕು. ಬಂಕರಿನ ಹೊರಗೆ 'ಏಕ್, ದೋ, ತೀನ್' ಕೇಳತೊಡಗಿತು. ಮಾಲಕರು ಗಿರಾಕಿಗಳನ್ನು ಕರೆತಂದು ತೋರಿಸುತ್ತಿದ್ದರು. ನಾನು ಮೀಸೆ ತಿರುವುತ್ತ ನಿಂತಿರುತ್ತಿದ್ದೆ.

ಆ ದಿನ ಬಂಕರಿನ ಗೋಡೆಯ ಅಲಾರ್ಮ್ ಇರಲಿಲ್ಲ. ಒಳಗೆ ವಿಕಿರಣ ಇದ್ದರೆ ಕೂಗಿ ಕೆಂಪು ದೀಪ ಹಚ್ಚುವ ಯಂತ್ರ ಅದು. ಸುಮ್ಮಸುಮ್ಮನೆ ಕೂಗುತ್ತಿತ್ತೆಂದು ಹಿಂದಿನ ದಿನ ರಿಪೇರಿಗೆ ಕಳಿಸಿದ್ದೆ. ಅದು ಬರುವತನಕ ಕೆಲಸ ನಿಲ್ಲಿಸಬೇಕೆಂಬುದು ನಿಯಮ. ನಿಯಮ ಗೊತ್ತಿದ್ದೂ ನಡೆಯಲಿ ಎಂದೆ. ಯಂತ್ರ ಇಲ್ಲದಿದ್ದರೇನು, ಕವಾಯತು ಇದೆಯಲ್ಲ.

ಹನ್ನೊಂದು ಗಂಟೆಯ ಹೊತ್ತಿಗೆ ಅವನು ಬಂದು ನನ್ನ ಮೇಜಿನ ಮುಂದೆ ನಿಂತ. ಕೈ ಬೆನ್ನ ಹಿಂದೆ.

"ಸಾಹೇಬ್ರ, ಮೀಟರ್ ಮುಳ್ಳು ಕಡೀತನಾ ಹೋಗೇತ್ರಿ."

"ಎಲ್ಲೆ?"

"ಬಂಕರ್ ಬಾಗಲದಾಗ. ಫಿಲ್ಮ್ ಬದಲಿ ಮಾಡಿ ಹೊರಗ ಬಂದು ಮೀಟರ್ ಎತ್ತಿಕೊಂಡೆ, ಆಗ ನೋಡಿದೆ."

"ಒಳಗ ಹೋಗುವಾಗ ಒಯ್ದಿರಲಿಲ್ಲೇನು?"

"ಕೈಯಾಗ ಫಿಲ್ಮ್ ಇದ್ದೂರಿ. ಎಣಿಕಿ ಇಪ್ಪತ್ತೆಂಟು ಆಗಿತ್ತು, ಅದಕ್ಕ ಬಾಗಲದಾಗ ಇಟ್ಟು ಹೋದೆ."

ನನ್ನ ಕಿವಿಯಲ್ಲಿ ಸಾಸಿವೆ ಸಿಡಿಯತೊಡಗಿತು. ಆದರೆ ಕೈಕಾಲು ತಮ್ಮ ಪಾಡಿಗೆ ತಾವು ಎದ್ದವು. ಶೆಡ್ಡಿನಲ್ಲಿದ್ದವರನ್ನೆಲ್ಲ ಗೇಟಿನಾಚೆ ನಿಲ್ಲಿಸಿದೆ, ಹಗ್ಗ ಕಟ್ಟಿದೆ, ತಲೆ ಎಣಿಸಿದೆ. ಗದ್ದಲವಿಲ್ಲ, ಓಟವಿಲ್ಲ. ಆಮೇಲೆ ಒಬ್ಬನೇ ಗೋಡೆಯ ಮರೆಯಲ್ಲಿದ್ದ ಹಿಡಿಕೆಯ ಬಳಿ ಹೋಗಿ ಹಿಂದಕ್ಕೆ ತಿರುಗಿಸಿದೆ. ಒಂದೇ ಸುತ್ತು. ಬೀಗ 'ಟಕ್' ಅಂದಿತು, ಮೀಟರ್ ಮುಳ್ಳು ಇಳಿಯಿತು. ಸವೆದ ಹಲ್ಲು ಎಲ್ಲೋ ಒಂದು ಕಡೆ ಜಾರಿ, ಇಪ್ಪತ್ತೆಂಟು ಸುತ್ತು ತಿರುಗಿದರೂ ತಂತಿ ಇಪ್ಪತ್ತೇಳರಷ್ಟೇ ಬಂದಿತ್ತು. ಕಾಳು ಪೆಟ್ಟಿಗೆಯ ಬಾಯಿಯ ಹೊರಗೇ, ನಳಿಕೆಯಲ್ಲಿ ಉಳಿದಿತ್ತು.

ಅವನನ್ನು ಆಫೀಸಿಗೆ ಕರೆದು ವಿಚಾರಣೆ ಮಾಡಿದೆ.

"ಕ್ಯಾಮೆರಾಕ್ಕೂ ನಿನ್ನ ಎದಿಗೂ ಎಷ್ಟು ಅಂತರ ಇತ್ತು?"

"ಒಂದು ಮೊಳ ಇರಬೇಕ್ರಿ."

"ಎಷ್ಟು ಹೊತ್ತು?"

"ಅರ್ಧಾ ಮಿನಿಟ್ರಿ."

ಅವನ ಎದೆಯ ಕಿಸೆಯಲ್ಲಿ ಸಿಕ್ಕಿಸಿದ್ದ, ವಿಕಿರಣ ಅಳೆಯುವ ಪೆನ್ನನ್ನು ಬೆಳಕಿಗೆ ಹಿಡಿದು ನೋಡಿದೆ. ಗೆರೆ ಸ್ವಲ್ಪವೇ ಸರಿದಿತ್ತು. ನನಗೆ ಅರ್ಧ ಜೀವ ಬಂತು. ಉಳಿದ ಅರ್ಧಕ್ಕೆ ಗಡಿಯಾರ ತೆಗೆದು ಮೇಜಿನ ಮೇಲಿಟ್ಟು ಅವನ ಎದುರಿಗೆ ಕುಳಿತೆ. ಅವಲಕ್ಕಿ ತರಿಸಿ ತಿನ್ನಿಸಿದೆ, ಚಹಾ ಕುಡಿಸಿದೆ. ಅರ್ಧ ಗಂಟೆಗೊಮ್ಮೆ "ಹೊಟ್ಟಿ ತೊಳಸಾಕತ್ತೈತೇನು?" ಎಂದು ಕೇಳುವುದು, "ಇಲ್ರಿ" ಎಂದು ಅವನು ಹೇಳುವುದು. ಒಂದು ಸಲ ಅವನು ತೇಗಿದ. ನಾನು ಗಡಿಯಾರ ಕೈಗೆತ್ತಿಕೊಂಡೆ. "ಅವಲಕ್ಕಿ ಜಾಸ್ತಿ ಆತ್ರಿ" ಎಂದು ಅವನೇ ಸಮಾಧಾನ ಹೇಳಿದ. ನಾಲ್ಕು ಗಂಟೆ ಹೀಗೆ ಕೂತೆವು. ವಾಂತಿ ಆಗಲಿಲ್ಲ.

"ವಾಂತಿ ಆಗಿಲ್ಲಂದ್ರ ಏನೂ ಆಗಿಲ್ಲ ತಿಳಿ," ಎಂದು ಬೆನ್ನು ತಟ್ಟಿ ಸಂಜೆಯ ರೈಲಿಗೆ ಕಳಿಸಿದೆ. ರಿಜಿಸ್ಟರಿನಲ್ಲಿ 'ಲಕ್ಷಣಗಳಿಲ್ಲ' ಎಂದು ದುಂಡಗೆ ಬರೆದು ಸಹಿ ಹಾಕಿದೆ. ಅದೇ ದಿನ ಮುಂಬೈಯ ಅಣು ಇಲಾಖೆಗೆ ತಿಳಿಸಬೇಕಾಗಿತ್ತು. ಏನೂ ಆಗಿಲ್ಲದ್ದಕ್ಕೆ ಏನು ತಿಳಿಸುವುದು ಎಂದು ಬಿಟ್ಟೆ. ಮರುದಿನದಿಂದ ಅವನಿಗೆ ಗಣಪತಿಯ ರಜೆ.

ಅದಾಗಿ ಏಳನೆಯ ದಿನವೋ ಎಂಟನೆಯ ದಿನವೋ, ಬೆಳಗಿನ ಊಟಕ್ಕೆ ಕೂತಾಗ ಹೆಂಡತಿಗೆ ಈ ಕತೆ ಹೇಳಿದೆ. ಕತೆಯಲ್ಲಿ ನನ್ನ ಪಾತ್ರ ದೊಡ್ಡದೇ ಇತ್ತು. ಹಗ್ಗ ಕಟ್ಟಿದ್ದು, ತಲೆ ಎಣಿಸಿದ್ದು, ನಾಲ್ಕು ತಾಸು ಗಡಿಯಾರ ನೋಡಿದ್ದು. ಅವಳು ತವೆಯ ಮೇಲಿನ ರೊಟ್ಟಿ ಮಗುಚುತ್ತ ಕೇಳುತ್ತಿದ್ದಳು. ಬೆರಳಿಗೆ ತವೆಯ ಅಂಚು ತಾಗಿತು. ಕೈ ಜಾಡಿಸಿ ತಣ್ಣೀರಿನ ಗಂಗಾಳಕ್ಕೆ ಅದ್ದಿದಳು.

"ಅಲ್ರೀ, ಅವ ಒಳಗ ಹೋಗಿ ಕೈಲೆ ಏನರೆ ಮುಟ್ಟಿದ್ನೇನು?"

ಅದನ್ನು ನಾನು ಕೇಳಿರಲೇ ಇಲ್ಲ.

"ತವಾ ಮುಟ್ಟಿದ್ರ ಬಟ್ಟು ಸುಡತೈತಿ, ಹೊಟ್ಟಿ ಯಾಕ ತೊಳಸತೈತಿ?" ಎಂದಳು, ರೊಟ್ಟಿ ನನ್ನ ತಾಟಿಗೆ ಹಾಕುತ್ತ.

ಮುಂಬೈಯಲ್ಲಿ ನೋಡಿದ ಫೋಟೋಗಳು ಆಗ ಒಂದೊಂದಾಗಿ ಕಣ್ಣ ಮುಂದೆ ಬಂದವು. ಬಾಂಬು ಇಡೀ ಮೈಯನ್ನು ಹೊಡೆಯುತ್ತದೆ, ಹೊಟ್ಟೆ ತೊಳಸುತ್ತದೆ. ಉಸ್ತಾದನ ಗಡಿಯಾರ ಇದ್ದದ್ದು ಅದಕ್ಕೆ. ನಳಿಕೆಯೊಳಗಿನ ಕಾಳು ಹಿಡಿದ ಬೆರಳನ್ನಷ್ಟೇ ಸುಡುತ್ತದೆ. ಎದೆಯ ಪೆನ್ನಿಗೆ ಗೊತ್ತಾಗುವುದಿಲ್ಲ, ಹೊಟ್ಟೆಗೆ ಗೊತ್ತಾಗುವುದಿಲ್ಲ, ಮೊದಲ ಕೆಲವು ದಿನ ಬೆರಳಿಗೇ ಸರಿಯಾಗಿ ಗೊತ್ತಾಗುವುದಿಲ್ಲ. ಇದನ್ನು ನಾನು ಪರೀಕ್ಷೆಯಲ್ಲಿ ಬರೆದಿದ್ದೆ, ಅಂಕವೂ ಬಂದಿತ್ತು. ಆದರೆ ಹೆದರಿದ ಮನುಷ್ಯ ಕೊನೆಗೆ ಕಲಿತದ್ದರ ಕಡೆ ಹೋಗುವುದಿಲ್ಲ, ಮೊದಲು ಕಲಿತದ್ದರ ಕಡೆಗೇ ಓಡುತ್ತಾನೆ. ತಾಟಿನ ರೊಟ್ಟಿ ಬಿಟ್ಟು ಎದ್ದೆ. ಅವನಿಗೆ ಫೋನು ಹಚ್ಚಿದರೆ ಎತ್ತಲಿಲ್ಲ.

ಬೈಕಿನ ಮೇಲೆ ಖಾನಾಪುರದ ದಾರಿ ಹಿಡಿದೆ. ಜಿಟಿಜಿಟಿ ಮಳೆ, ಮುಂದೆ ಕಟ್ಟಿಗೆಯ ಲಾರಿಗಳು. ಬಾಜುಕ್ಕೆ ನಿಂತಿದ್ದನೇ, ಮುಟ್ಟಿದ್ದನೇ? ಮುಟ್ಟಿದ್ದರೆ ಎಲ್ಲಿ? ನಳಿಕೆಯ ಆಚೆ ತುದಿಯನ್ನು ಹಿಡಿದಿದ್ದರೆ ಬದುಕಿದ, ಪೆಟ್ಟಿಗೆಯ ಬಾಯಿಯ ಹತ್ತಿರ ಹಿಡಿದಿದ್ದರೆ... ಮುಂದಕ್ಕೆ ಯೋಚಿಸಲು ಧೈರ್ಯ ಬರಲಿಲ್ಲ. ನನಗೇ ಗೊತ್ತಿಲ್ಲದೆ ಕಿಲೋಮೀಟರ್ ಕಲ್ಲುಗಳನ್ನು ಎಣಿಸುತ್ತಿದ್ದೆ. ಮಲಪ್ರಭೆಯ ಸೇತುವೆ ದಾಟುವಾಗ ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಎಣಿಕೆ ಎಲ್ಲಿಗೆ ಬಂದಿತ್ತು ಎಂಬುದು ಅಲ್ಲಿ ತಪ್ಪಿಹೋಯಿತು.

ಅವನು ಪಡಸಾಲೆಯಲ್ಲಿ ಕೂತು ಮಣ್ಣು ನಾದುತ್ತಿದ್ದ. ಗೋಡೆಯುದ್ದಕ್ಕೂ ಗಣಪತಿಗಳ ಸಾಲು, ಹಿಂದಿನ ವರ್ಷಕ್ಕಿಂತ ಬಹಳ. ಮೊಣಕೈವರೆಗೆ ಕೆಂಪು ಮಣ್ಣು ಮೆತ್ತಿತ್ತು. ನನ್ನನ್ನು ನೋಡಿ ಗಡಬಡಿಸಿ ಎದ್ದ. ಅವನ ಹೆಂಡತಿ ಚಾಪೆ ಹಾಸಿದಳು.

"ಬರ್ರಿ ಸಾಹೇಬ್ರ, ಕುಂದರ್ರಿ. ಇಷ್ಟು ಮಳ್ಯಾಗ ಯಾಕ ಬಂದ್ರಿ?"

"ಆವತ್ತು ಬಂಕರಿನ್ಯಾಗ ನೀ ಏನರೆ ಮುಟ್ಟಿದ್ದೇನು?"

"ಮುಟ್ಟಿದ್ನಲ್ರಿ. ನಳಿಕಿ ತಿರುಚಿಕೊಂಡು ಬಿದ್ದಿತ್ತು. ಕ್ಯಾಮೆರಾದ ಬಾಯಿ ಹಂತೇಕ ಹಿಡದು ಸರಳ ಮಾಡಿದೆ."

"ಯಾವ ಕೈಲೆ?"

ಅವನು ಬಲಗೈ ಮುಂದೆ ಮಾಡಿದ. ಹೆಬ್ಬೆರಳು, ತೋರುಬೆರಳು, ನಡುಬೆರಳು ಕೂಡಿಸಿ ಹಿಡಿದದ್ದನ್ನು ತೋರಿಸಿದ. ಮಣ್ಣು ಬಿಟ್ಟು ಏನೂ ಕಾಣುತ್ತಿರಲಿಲ್ಲ.

"ತೊಳಕೊಂಡು ಬಾ."

ಹೆಂಡತಿ ತಂಬಿಗೆಯಲ್ಲಿ ನೀರು ಹಾಕಿದಳು. ಕೆಂಪು ನೀರು ಅಂಗಳಕ್ಕೆ ಹರಿಯಿತು. ಅಂಗೈ ತಿಳಿಯಾಯಿತು, ಕಿರುಬೆರಳು, ಉಂಗುರದ ಬೆರಳು ತಿಳಿಯಾದವು. ಮೂರು ಬೆರಳಿನ ತುದಿ ಕೆಂಪಗೇ ಉಳಿದವು.

"ಮಣ್ಣು ಇನ್ನಾ ಐತಿ, ಮತ್ತೊಮ್ಮೆ ತೊಳಿ," ಎಂದೆ. ಮಣ್ಣಲ್ಲ ಎಂದು ಗೊತ್ತಿದ್ದೂ ಹಾಗೆಂದೆ. ಅವಳು ಸಾಬೂನು ತಂದಳು, ಅವನು ತಿಕ್ಕಿದ. ತಿಕ್ಕುವಾಗ ಹಲ್ಲು ಕಚ್ಚಿದ್ದು ಕಂಡಿತು. ಕೆಂಪು ಹೋಗಲಿಲ್ಲ. ತೋರುಬೆರಳಿನ ಚರ್ಮ ಬಿಗಿದು ಹೊಳೆಯುತ್ತಿತ್ತು.

"ಉರೀತೈತೇನು?"

"ನಾಕ ದಿವಸ ಆತ್ರಿ. ಹಸಿ ಮಣ್ಣಾಗ ಕೈ ಇಟ್ರ ತಂಪ ಅನಸತೈತ್ರಿ. ಅದಕ್ಕ ಈ ಸಲ ಗಣಪತಿ ಜಾಸ್ತಿ ಆಗ್ಯಾವು."

ಗೋಡೆಯುದ್ದಕ್ಕೂ ಇದ್ದ ಆ ಸಾಲನ್ನು ನಾನು ತಿರುಗಿ ನೋಡಲಾರದೆ ಹೋದೆ.

"ಮುಟ್ಟೀನಂತ ಆವತ್ತ ಯಾಕ ಹೇಳಲಿಲ್ಲ?"

"ನೀವು ಕೇಳಲಿಲ್ಲಲ್ರಿ," ಎಂದ ಅವನು. ತಕರಾರಿಲ್ಲ, ಸಿಟ್ಟಿಲ್ಲ. ನಾನು ಕಲಿಸಿದ್ದನ್ನೇ ನನಗೆ ಒಪ್ಪಿಸಿದ. ನನ್ನ ಮುಖ ಕಂಡು ಅವನಿಗೆ ಏನನ್ನಿಸಿತೋ, "ವಾಂತಿ ಏನೂ ಆಗಿಲ್ರಿ ಸಾಹೇಬ್ರ, ಇವತ್ತಿನ ತನಾ ಆಗಿಲ್ಲ. ಹೆದರಬ್ಯಾಡ್ರಿ," ಎಂದು ನನಗೇ ಧೈರ್ಯ ಹೇಳಿದ. ನಾನು ಆ ಪಡಸಾಲೆಯಲ್ಲಿ ಕೂತಲ್ಲೇ ಅತ್ತೆ. ಅವನ ಹೆಂಡತಿ ಒಮ್ಮೆ ನನ್ನ ಮುಖ, ಒಮ್ಮೆ ಅವನ ಕೈ ನೋಡಿದಳು. "ಕಾಯ ಝಾಲಂ?" ಏನಾಯಿತೆಂದು ಅವನನ್ನು ಮರಾಠಿಯಲ್ಲಿ ಕೇಳಿದಳು. ಅವನು ತನ್ನ ಬೆರಳುಗಳನ್ನೇ ತಿರುಗಿಸಿ ನೋಡಿಕೊಂಡ.

ಅದೇ ಮಧ್ಯಾಹ್ನ ಅವನನ್ನು ಬೆಳಗಾವಿಯ ಆಸ್ಪತ್ರೆಗೆ ಕರೆತಂದೆ. ಚರ್ಮದ ಡಾಕ್ಟರು ಮಣ್ಣಿನ ಅಲರ್ಜಿ ಇರಬಹುದು ಎಂದು ಮುಲಾಮು ಬರೆಯಲು ಪೆನ್ನು ತೆಗೆದರು. ಹಾಗೇ ಬಿಡಬಹುದಾಗಿತ್ತು. ಅಲರ್ಜಿ ಎಂಬ ಮಾತು ಕೇಳಿ ನನ್ನ ಮನಸ್ಸು ಒಂದು ಗಳಿಗೆ ಅದಕ್ಕೆ ಜೋತುಬಿದ್ದದ್ದೂ ಖರೆ. ಆಮೇಲೆ ಬಾಯಿ ಬಿಟ್ಟು ಎಲ್ಲ ಹೇಳಿದೆ. ಡಾಕ್ಟರು ಪೆನ್ನು ಮುಚ್ಚಿಟ್ಟು ಅವನ ಕೈಯನ್ನು ಹಿಡಿಯದೆ ಬರೀ ನೋಡುತ್ತ ಕೂತರು. ಅವರೂ ಹೆದರಿದ್ದರು. "ಮುಟ್ಟಿದ್ರ ನಿಮಗೇನೂ ಆಗೂದಿಲ್ರಿ, ವಿಕಿರಣ ಅವನ ಕೈಯಾಗ ಉಳದಿಲ್ಲ," ಎಂದು ನಾನು ಹೇಳಬೇಕಾಯಿತು. ಆಗ ಹಿಡಿದರು.

ಮಾಲಕರು "ಮುಂಬೈಗೆ ಬರೀಲೇಬೇಕೇನ್ರಿ?" ಎಂದು ಮೆಲ್ಲಗೆ ಕೇಳಿದರು. ಬರೆದೆ. ರಿಜಿಸ್ಟರಿನಲ್ಲಿ 'ಲಕ್ಷಣಗಳಿಲ್ಲ' ಎಂಬುದರ ಮೇಲೆ ಒಂದು ಗೆರೆ ಎಳೆದು, ಅದು ಓದಲು ಬರುವ ಹಾಗೆಯೇ ಬಿಟ್ಟು, ಕೆಳಗೆ ಕಂಡದ್ದನ್ನು ಬರೆದೆ. ಇಲಾಖೆಯವರು ಬಂದು ಕ್ಯಾಮೆರಾಕ್ಕೆ ಸೀಲು ಹಾಕಿದರು. ಹಗ್ಗ ಕಟ್ಟಿದ್ದು, ಜನರನ್ನು ಹೊರಗೆ ತೆಗೆದದ್ದು, ಒಬ್ಬನೇ ಹಿಡಿಕೆಗೆ ಹೋದದ್ದು ಸರಿ ಎಂದರು. ಉಳಿದದ್ದೆಲ್ಲ ತಪ್ಪು. ಅವರಲ್ಲಿ ವಯಸ್ಸಾದ ಒಬ್ಬರು, ಸೈನ್ಯದಿಂದ ಬಂದವರನ್ನು ಬಹಳ ಕಂಡವರಿರಬೇಕು, "ನಿಮ್ಮವರಿಗೆ ಯುದ್ಧ ಮುಗಿಸುವ ಚಿಂತೆ, ನಮಗೆ ಒಂದು ಬೆರಳೂ ಸುಡದಿರುವ ಚಿಂತೆ. ಎರಡಕ್ಕೂ ಮೀಟರ್ ಒಂದೇ, ಅದೇ ಮೋಸ," ಎಂದರು.

ಆಮೇಲಿನ ವಾರಗಳನ್ನು ನೆನೆದರೆ ಈಗಲೂ ಅಂಗೈ ಬೆವರುತ್ತದೆ. ಅವನಿಗೆ ಮುಂದೆ ಏನಾಗುತ್ತದೆ ಎಂಬುದು ಆ ಮನೆಯಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಫೋಟೋಗಳ ಕ್ರಮ ಬಾಯಿಪಾಠವಾಗಿತ್ತು. ಮೊದಲು ಕೆಂಪು. ನಡುವೆ ಕೆಲವು ದಿನ ವಾಸಿಯಾಗುತ್ತಿದೆ ಅನ್ನುವಂಥ ತೋರಿಕೆ. ಆಮೇಲೆ ಗುಳ್ಳೆ. ಗುಳ್ಳೆಯ ನಂತರ ಎರಡು ದಾರಿ, ಅವುಗಳಲ್ಲಿ ಯಾವುದು ಎಂದು ಮೊದಲೇ ಹೇಳಲು ಯಾರಿಗೂ ಬರುವುದಿಲ್ಲ. ದಿನಾ ಬೆಳಗಿನ ರೈಲಿಗೆ ಖಾನಾಪುರಕ್ಕೆ ಹೋಗುತ್ತಿದ್ದೆ. ಬಾಗಿಲಲ್ಲಿ ಕಾಲಿಟ್ಟವನು ಅವನ ಮುಖ ನೋಡುತ್ತಿರಲಿಲ್ಲ, ಬೆರಳು ನೋಡುತ್ತಿದ್ದೆ. ಒಂದು ದಿನ "ಇವತ್ತು ಉರಿ ಕಡಿಮಿ ಐತ್ರಿ" ಎಂದು ಅವನು ನಕ್ಕ. ಹೆಂಡತಿ ಸಕ್ಕರೆ ಜಾಸ್ತಿ ಹಾಕಿ ಚಹಾ ಕೊಟ್ಟಳು. ಆ ನಡುವಿನ ದಿನಗಳು ಬಂದವೆಂದು ತಿಳಿದೇ ನಾನು ಆ ಚಹಾ ಕುಡಿದೆ. ಆರನೆಯ ದಿನ ಗುಳ್ಳೆ ಎದ್ದವು.

ನೋವು ಎಂಥದೆಂದರೆ ಅವನು ಕೈಯನ್ನು ಕೆಳಗಿಳಿಸಲಾರದೆ, ಶಾಲೆಯಲ್ಲಿ ಉತ್ತರ ಹೇಳುವವರ ಹಾಗೆ ಮೇಲೆತ್ತಿಕೊಂಡೇ ಓಡಾಡುತ್ತಿದ್ದ. ಚೌತಿ ಬಂತು. ಗಣಪತಿಗಳಿಗೆ ಕಣ್ಣು ಬರೆಯುವುದು ಉಳಿದಿತ್ತು, ಅವನ ಹೆಂಡತಿ ಬರೆದಳು. ಆ ವರ್ಷ ನಮ್ಮ ಮನೆಗೆ ಬಂದ ಗಣಪತಿಯ ನೋಟ ಸ್ವಲ್ಪ ಓರೆ. ಯಾವ ಕಡೆ ನಿಂತರೂ ನನ್ನನ್ನೇ ನೋಡುತ್ತಿದ್ದ. ಆರತಿ ಹಿಡಿದಾಗ ನಾನು ಸೊಂಡಿಲನ್ನು ನೋಡುತ್ತಿದ್ದೆ. ಐದನೆಯ ದಿನ ಕಳಿಸುವವರೆಗೂ ಹಾಗೇ ನಡೆಯಿತು.

ಹೆಬ್ಬೆರಳು ಮತ್ತು ನಡುಬೆರಳು ತಿಂಗಳುಗಟ್ಟಲೆ ತೆಗೆದುಕೊಂಡು ಮಾಯ್ದವು. ತೋರುಬೆರಳು ಮಾಯಲಿಲ್ಲ. ತುದಿ ಕಪ್ಪಾಯಿತು, ಮುಂಬೈಯ ಡಾಕ್ಟರರು ಮೊದಲ ಗಿಣ್ಣಿನವರೆಗೆ ತೆಗೆದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಇಲ್ಲಿ ಅರ್ಧವೇ ನಿಮಿಷ. ದೊಣ್ಣೆ ಯಾರ ಕೈಯಲ್ಲಿತ್ತು ಎಂದು ನನ್ನನ್ನು ಯಾರೂ ಕೇಳಲಿಲ್ಲ, ಆದರೆ ಕೇಳದ್ದನ್ನೂ ಹೇಳಬೇಕೆಂದು ಈಗ ಕಲಿತಿದ್ದೇನೆ. ನನ್ನ ಕೈಯಲ್ಲಿತ್ತು. ಅವನು ಈಗಲೂ ಮಣ್ಣು ನಾದುತ್ತಾನೆ. ಉಳಿದ ಎರಡು ಬೆರಳಿನ ಚರ್ಮ ಈರುಳ್ಳಿ ಸಿಪ್ಪೆಯಂತೆ ತೆಳ್ಳಗಾಗಿದೆ, ಮಣ್ಣಿನ ಗೋಡೆ ಎಲ್ಲಿ ತೆಳುವಾಗಿದೆ ಎಂಬುದು ಅವಕ್ಕೆ ತಿಳಿಯುವುದಿಲ್ಲ. "ಬೆರಳು ಕಿವುಡ ಆಗ್ಯಾವ್ರಿ" ಎನ್ನುತ್ತಾನೆ.

ಇಲಾಖೆಯವರು ನನ್ನ ಪ್ರಮಾಣಪತ್ರ ಹಿಂತೆಗೆದುಕೊಂಡು ಮತ್ತೆ ಕೋರ್ಸು ಮಾಡಿಸಿದರು. ನನ್ನ ಅರ್ಧ ವಯಸ್ಸಿನವರ ನಡುವೆ ಕೂತು ಅದೇ ಫೋಟೋಗಳನ್ನು ನೋಡಿದೆ. ಈ ಸಲ ಬರೆದುಕೊಳ್ಳಲಿಲ್ಲ. ಬಂಕರಿನಲ್ಲಿ ಎಣಿಕೆ ನಿಷೇಧ ಎಂದು ಬೋರ್ಡು ಹಾಕಿಸಿದೆ. ಅಲಾರ್ಮ್ ಇಲ್ಲದ ದಿನ ಬೀಗ. 'ಟಕ್' ಕೇಳಬೇಕು, ಮೀಟರ್ ನೋಡಬೇಕು, ಆಮೇಲೆ ಕಾಲು. ವರದಿ ಕೊಡುವವರು ಕೈ ಮುಂದಿಟ್ಟುಕೊಂಡು ನಿಲ್ಲಬೇಕು. ಚಹಾದ ಹೊತ್ತಿಗೆ ಎಲ್ಲರ ಅಂಗೈ ತಿರುಗಿಸಿ ನೋಡುತ್ತೇನೆ. "ಸಾಹೇಬ್ರು ಭವಿಷ್ಯ ಹೇಳ್ತಾರ" ಎಂದು ಹಿಂದಿನಿಂದ ನಗುತ್ತಾರೆ, ನಗಲಿ.

ಡಾಕ್ಟರರು ಒಪ್ಪಿದ ಮೇಲೆ, ವರ್ಷ ಕಳೆದು, ಅವನು ಕೆಲಸಕ್ಕೆ ಮರಳಿದ. ಫಿಲ್ಮು ತೊಳೆಯುವ ಕೋಣೆಯಲ್ಲಿ ಕೂಡು, ವಿಕಿರಣದ ಗೊಡವೆ ಬೇಡ ಎಂದೆ. ಅವನು ಕೇಳಲಿಲ್ಲ. ಬಂಕರಿನ ಬಾಗಿಲಲ್ಲಿ ಮೀಟರ್ ಹಿಡಿದು ನಿಲ್ಲುವ ಕೆಲಸವೇ ತನಗೆ ಬೇಕು ಎಂದ. "ಇನ್ನೊಬ್ಬರನ್ನ ನಿಂದ್ರಿಸಿದ್ರ ನನಗ ಮನ್ಯಾಗ ನಿದ್ದಿ ಬರೂದಿಲ್ರಿ," ಎಂದ.

ಅವನು ಮರಳಿದ ಎರಡನೆಯ ವಾರದ ಒಂದು ಮುಂಜಾನೆ ಹೊಸ ಆಪರೇಟರ್ ಹಿಡಿಕೆ ತಿರುಗಿಸುತ್ತಿದ್ದ, ನಾನು ಮೇಲ್ವಿಚಾರಣೆಗೆ ಬಾಜುಕ್ಕೆ ನಿಂತಿದ್ದೆ. ಎಲ್ಲ ನಿಯಮದಂತೆ, ಯಾರ ಬಾಯಲ್ಲೂ ಸಂಖ್ಯೆ ಇಲ್ಲ. ಹಿಡಿಕೆ ನಿಂತಿತು. ನಾನು ಎರಕವನ್ನು ನೋಡಲೆಂದು ಬಾಗಿಲ ಕಡೆ ಹೆಜ್ಜೆ ಹಾಕಿದೆ.

ಎದೆಗೆ ಅಡ್ಡವಾಗಿ ಒಂದು ಕೈ ಬಂತು. ನಾಲ್ಕು ಉದ್ದ ಬೆರಳು, ಒಂದು ಗಿಡ್ಡ.

"ಸಾಹೇಬ್ರ, ಟಕ್ ಅಂದಿಲ್ಲ."

ಮೀಟರ್ ಅವನ ಎಡಗೈಯಲ್ಲಿತ್ತು, ಮುಳ್ಳು ಇನ್ನೂ ಮೇಲೇ ಇತ್ತು. ಹೊಸಬ ಬರೀ ಬೆವರು ಒರೆಸಿಕೊಳ್ಳಲು ನಿಂತಿದ್ದ. ಹೊಸಬನೇ ಮತ್ತೆ ಹಿಡಿಕೆ ತಿರುಗಿಸಿದ, 'ಟಕ್' ಅಂದಿತು.

ಎಣಿಸುತ್ತಿದ್ದವನು ನಾನು. ತುಟಿ ಅಲುಗಿಸದೆ, ನನಗೇ ಕೇಳದ ಹಾಗೆ, ಒಳಗೊಳಗೇ ಇಪ್ಪತ್ತೆಂಟರವರೆಗೆ ಎಣಿಸಿ ಹೊರಟಿದ್ದೆ. ಎಲ್ಲಿ ತಪ್ಪಿದೆನೋ ಗೊತ್ತಿಲ್ಲ. ಆ ಕೈ ಇನ್ನೂ ನನ್ನ ಎದೆಯ ಮೇಲೆಯೇ ಇತ್ತು, ಗಿಡ್ಡ ಬೆರಳು ಕಿಸೆಯ ಪೆನ್ನಿಗೆ ತಾಗುತ್ತಿತ್ತು.

"ಎಷ್ಟಕ್ಕ ಹೊಂಟಿದ್ರಿ?" ಎಂದು ಅವನು ಮೆಲ್ಲಗೆ ಕೇಳಿದ.

"ಇಪ್ಪತ್ತೆಂಟಕ್ಕ," ಎಂದೆ.

ಅವನು ಮೀಟರ್ ನನ್ನ ಕೈಗೆ ಕೊಟ್ಟು ಬಾಗಿಲು ಬಿಟ್ಟು ಸರಿದು ನಿಂತ. ನಾನು ಅದನ್ನು ಮುಂದೆ ಹಿಡಿದು, ಮುಳ್ಳು ಪೂರ್ತಿ ಇಳಿದದ್ದನ್ನು ನೋಡಿ, ಅವನು "ಈಗ ಹೋಗ್ರಿ" ಎಂದ ಮೇಲೆ ಒಳಗೆ ಹೋದೆ.